ಬೇಸಿಗೆ ಉದ್ದವಾದರೆ ಘಟ್ಟದ ಕಾನುಗಳ ಗತಿಯೇನು?

ಘಟ್ಟದಂಚಿನ ತೋಟ (ಶಿರಸಿ ತಾಲೂಕು)

ಹವಾಮಾನ ಬದಲಾವಣೆಯ ಮಾತು ಬಂದರೆ ನಮ್ಮ ಕಡೆ ಅದು ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಒಂದು ಅಡಿಕೆಯ ಕೊಳೆರೋಗ, ಇನ್ನೊಂದು ಘಟ್ಟದ ರಸ್ತೆಯ ಮೇಲೆ ಜರಿಯುವ ಗುಡ್ಡ. ಎರಡೂ ಬದುಕಿನ ಪ್ರಶ್ನೆಗಳೇ, ಅಲ್ಲವೆನ್ನುವುದಿಲ್ಲ. ಆದರೆ ತೋಟಕ್ಕೆ ನೀರು, ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟ ಕಾಡಿಗೆ ಏನಾಗುತ್ತಿದೆ ಎಂದು ಕೇಳುವವರು ಕಡಿಮೆ. ಈ ಚರ್ಚೆಯನ್ನು ಅದಕ್ಕಾಗಿಯೇ ಆರಂಭಿಸುತ್ತಿದ್ದೇನೆ.

ನಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ಕಡಿಯಲು ಬಿಟ್ಟ ಕಾಡಿನ) ಮೇಲ್ಬದಿಗೆ ಒಂದು ಕಾನು, ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡು ಇದೆ. ಅದರ ಬುಡದಲ್ಲಿ ಹುಟ್ಟುವ ಅಬ್ಬಿಯ (ಒರತೆಯ) ನೀರೇ ಮನೆಗೂ ತೋಟಕ್ಕೂ ಆಧಾರ. ತಂದೆಯವರ ಕಾಲದಲ್ಲಿ ಹೊಸ ಮಳೆ ಹಿಡಿಯುವವರೆಗೂ ದಬ್ಬೆಯಲ್ಲಿ (ಸೀಳಿದ ಮರದ ದೋಣಿಯಲ್ಲಿ) ನೀರು ಬೀಳುತ್ತಿತ್ತು. ಈಗ ಏಪ್ರಿಲ್ ಬಂತೆಂದರೆ ಒಂದು ಕೊಡ ತುಂಬಲು ಕಾದು ಕೂರಬೇಕು. ಮಳೆ ಕಡಿಮೆಯಾಗಿದೆಯೇ ಎಂದರೆ ವರ್ಷದ ಒಟ್ಟು ಲೆಕ್ಕದಲ್ಲಿ ಹಾಗೇನೂ ಅನಿಸುವುದಿಲ್ಲ. ಕಾನಿನ ಒಳಗೂ ಬದಲಾವಣೆ ಕಾಣುತ್ತಿದೆ. ದೊಡ್ಡ ರಾಮಪತ್ರೆ ಮರಗಳು ನಿಂತೇ ಇವೆ. ಆದರೆ ಅವುಗಳ ಕೆಳಗೆ ಮೊಣಕಾಲೆತ್ತರದ ಸಸಿಗಳನ್ನು ಹುಡುಕಬೇಕಾಗಿದೆ.

ಉಷ್ಣವಲಯದ ಬೆಟ್ಟಗಳಲ್ಲಿ ಸೆಕೆ ಏರಿದಂತೆ ಮರಗಳ ಜಾತಿಗಳು ಮೇಲ್ಮೇಲಕ್ಕೆ ಸರಿಯುತ್ತಿವೆ ಎಂದು ಓದಿದೆ. ನಮ್ಮ ಘಟ್ಟದ ಮರಗಳು ಎಲ್ಲಿಗೆ ಸರಿಯಬೇಕು? ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ.

ಸುರಗಿ (ಶಿರಸಿ, ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ)

ನೀವು ಓದಿದ್ದು ಸರಿ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಡಿಸ್ ಪರ್ವತದ ಇಳಿಜಾರಿನ ಕಾಡಿನಲ್ಲಿ ಮರಗಳನ್ನು ವರ್ಷಗಟ್ಟಲೆ ಅಳೆದವರು 2011ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅಲ್ಲಿನ ಮರಗಳ ಕುಲಗಳು ಸರಾಸರಿ ವರ್ಷಕ್ಕೆ 2.5ರಿಂದ 3.5 ಮೀಟರ್ ಎತ್ತರಕ್ಕೆ ಸರಿಯುತ್ತಿವೆ. ಮರ ನಡೆಯುವುದಿಲ್ಲ. ಕೆಳಗಿನ ಅಂಚಿನಲ್ಲಿ ಸಾಯುವುದು ಹೆಚ್ಚುತ್ತದೆ, ಮೇಲಿನ ಅಂಚಿನಲ್ಲಿ ಸಸಿ ಹುಟ್ಟುವುದು ಹೆಚ್ಚುತ್ತದೆ, ಅಷ್ಟೇ. ಸೆಕೆ ಏರುವ ವೇಗಕ್ಕೆ ಹೋಲಿಸಿದರೆ ಅದೂ ಸಾಲದು ಎಂಬುದು ಅವರ ಆತಂಕ.

ಇನ್ನು ನಮ್ಮ ಘಟ್ಟಕ್ಕೆ ಬರೋಣ. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6ರಿಂದ 6.5 ಡಿಗ್ರಿ ಇಳಿಯುತ್ತದೆ. ಅಂದರೆ ಒಂದು ಡಿಗ್ರಿ ಸೆಕೆಯಿಂದ ತಪ್ಪಿಸಿಕೊಳ್ಳಲು ಕಾಡು ಸುಮಾರು 160 ಮೀಟರ್ ಏರಬೇಕು. ಆನೆಮುಡಿ 2,695 ಮೀಟರ್ ಇದೆ. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ. ಅಲ್ಲಿ ಏರಲು ಜಾಗವಿದೆ, ಕೊನೆಗೆ ಅದೂ ಮುಗಿಯುತ್ತದೆ ಎಂಬುದು ಬೇರೆ ಮಾತು. ಉತ್ತರ ಕನ್ನಡದಲ್ಲಿ ಸಹ್ಯಾದ್ರಿ ತಗ್ಗಿದೆ. ದೇವಿಮನೆ ಘಟ್ಟವನ್ನು ಹತ್ತಿ ಮುಗಿಸಿದರೆ ಸಿಗುವುದು ಶಿಖರವಲ್ಲ, ಶಿರಸಿಯ ಪ್ರಸ್ಥಭೂಮಿ. ಹೆಚ್ಚಿನ ಕಡೆ 600, 700 ಮೀಟರಿಗೆ ನೆತ್ತಿ ಮುಗಿದುಹೋಗುತ್ತದೆ. ಏರುವ ದಾರಿ ನಮ್ಮ ಕಾಡಿಗೆ ಇಲ್ಲ.

ಉಷ್ಣವಲಯದ ಜೀವಿಗಳಿಗೆ ಇದು ಏಕೆ ಹೆಚ್ಚು ಕಷ್ಟ ಎಂಬುದಕ್ಕೆ ಡೇನಿಯಲ್ ಜಾನ್ಜನ್ 1967ರಲ್ಲಿ ಕೊಟ್ಟ ವಿವರಣೆಯನ್ನು ಈಗಲೂ ತರಗತಿಗಳಲ್ಲಿ ಹೇಳುತ್ತೇವೆ. ಚಳಿ ದೇಶದ ಗಿಡ, ಹುಳು, ಕಪ್ಪೆ ಒಂದೇ ವರ್ಷದಲ್ಲಿ ಹಿಮವನ್ನೂ ಬಿಸಿಲನ್ನೂ ಕಾಣುತ್ತವೆ. ಆದ್ದರಿಂದ ಅವುಗಳ ಸಹಿಷ್ಣುತೆಯ ವ್ಯಾಪ್ತಿ ದೊಡ್ಡದು. ನಮ್ಮಲ್ಲಿ ವರ್ಷವಿಡೀ ಉಷ್ಣತೆ ಹೆಚ್ಚು ಕಡಿಮೆ ಒಂದೇ ತೆರ. ಇಲ್ಲಿನ ಜೀವಿಗೆ ಸಣ್ಣ ಏರಿಳಿತವೂ ಅಪರಿಚಿತ. ಇಲ್ಲಿ ಎರಡು ಕಣಿವೆಗಳ ನಡುವಿನ ಚಿಕ್ಕ ಗುಡ್ಡವೂ ಅಂಥ ಜೀವಿಗೆ ದೊಡ್ಡ ಗೋಡೆ.

ಆದರೆ ನನ್ನ ಮುಖ್ಯ ಮಾತು ಇದಲ್ಲ. ನಮ್ಮ ಘಟ್ಟದ ಕಾಡನ್ನು ಕಟ್ಟುವುದೂ ಕೆಡಹುವುದೂ ಸೆಕೆಗಿಂತ ಹೆಚ್ಚಾಗಿ ಮಳೆಯಿಲ್ಲದ ತಿಂಗಳುಗಳ ಸಂಖ್ಯೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಜ್ಯಾಂ ಪಿಯರ್ ಪಾಸ್ಕಲ್ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡನ್ನು ಉದ್ದಕ್ಕೂ ಅಳೆದು, 1980ರ ದಶಕದಲ್ಲಿ ಇದನ್ನು ನಕ್ಷೆ ಸಮೇತ ತೋರಿಸಿದರು. ಅಗಸ್ತ್ಯಮಲೆಯ ಕಡೆ ಒಣ ತಿಂಗಳು ಎರಡೋ ಮೂರೋ. ನಮ್ಮಲ್ಲಿ ಐದಾರು. ಇನ್ನೂ ಉತ್ತರಕ್ಕೆ ಹೋದರೆ ಏಳೆಂಟು. ಮಹಾಬಲೇಶ್ವರದಲ್ಲಿ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಷ್ಟಾದರೂ ಅಲ್ಲಿನ ಕಾಡು ಗಿಡ್ಡ, ಜಾತಿಗಳೂ ಕಡಿಮೆ. ಅದರ ಅರ್ಧ ಮಳೆ ಬೀಳುವ ದಕ್ಷಿಣದ ಕಣಿವೆಗಳಲ್ಲಿ ಮುಗಿಲೆತ್ತರದ ಕಾಡು ನಿಂತಿದೆ. ಎಷ್ಟು ಸುರಿಯಿತು ಎನ್ನುವುದಕ್ಕಿಂತ ಎಷ್ಟು ತಿಂಗಳಿಗೆ ಹಂಚಿ ಸುರಿಯಿತು ಎನ್ನುವುದೇ ಲೆಕ್ಕ.

ದಕ್ಷಿಣದ ಎಷ್ಟೋ ಮರಗಳು ನಮ್ಮ ಜಿಲ್ಲೆಯಲ್ಲಿ ತಮ್ಮ ಉತ್ತರದ ಗಡಿಯನ್ನು ಮುಟ್ಟುತ್ತವೆ. ಸಿಂಗಳೀಕವೂ ಹಾಗೆಯೇ. ಅದರ ಅತ್ಯಂತ ಉತ್ತರದ ನೆಲೆ ಶಿರಸಿ ಮತ್ತು ಹೊನ್ನಾವರದ ಕಾಡು. ಗಡಿಯಲ್ಲಿ ಬದುಕುವ ಜೀವಿಗೆ ಬೇಸಿಗೆ ಹದಿನೈದು ದಿನ ಉದ್ದವಾದರೂ ಅದು ಸಣ್ಣ ವಿಷಯವಲ್ಲ.

ಮುಂಡಗೋಡ ಸೀಮೆ

ಸುರಗಿ ಅಕ್ಕೋರು ಹೇಳಿದ್ದನ್ನು ನೋಡಲು ಕೇರಳಕ್ಕೆ ಹೋಗಬೇಕಾಗಿಲ್ಲ. ಶಿರಸಿಯಿಂದ ಮುಂಡಗೋಡಕ್ಕೆ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಬನ್ನಿ, ಅದೂ ಮಾರ್ಚ್ ತಿಂಗಳಲ್ಲಿ. ಮೊದಲು ಕಪ್ಪು ಹಸಿರು. ನಂತರ ನಂದಿ, ಮತ್ತಿ, ಹೊನ್ನೆ ಬೆರೆತ ಕಾಡು. ಕೊನೆಗೆ ಎಲೆ ಉದುರಿಸಿ ಬರಿದಾಗಿ ನಿಂತ ತೇಗ. ನಮ್ಮ ಊರಿನಲ್ಲಿ ಶಿರಸಿಯ ಅರ್ಧದ ಹತ್ತಿರ ಮಳೆ, ಬೇಸಿಗೆಯೂ ಉದ್ದ. ಬೇಸಿಗೆ ಬೆಳೆಯುತ್ತಾ ಹೋದರೆ ಶಿರಸಿಯ ಕಾಡು ಮುಂಡಗೋಡದ ಕಾಡಾಗುತ್ತದೆ ಎಂದು ತಿಳಿಯಬಹುದೇ? ನಮ್ಮದೂ ಕಾಡೇ ಎಂಬುದನ್ನು ದಯವಿಟ್ಟು ಮರೆಯಬೇಡಿ. ಎಲೆ ಉದುರಿಸುವ ಕಾಡನ್ನು ಹಾಳಾದ ಕಾಡು ಎಂಬಂತೆ ಮಾತನಾಡುವುದನ್ನು ಕೇಳಿದರೆ ಮನಸ್ಸಿಗೆ ನೋವಾಗುತ್ತದೆ.

ಬೇಡ್ತಿ ಕಣಿವೆ (ಯಲ್ಲಾಪುರ)

ಸುರಗಿಯವರ ಮಾತಿಗೆ ನನ್ನದೊಂದು ತಕರಾರು. ಪಾಸ್ಕಲ್ ಅವರ ಲೆಕ್ಕದಲ್ಲಿ ಒಣ ತಿಂಗಳು ಎಂದರೆ, ಆ ತಿಂಗಳ ಮಳೆ ಮಿಲಿಮೀಟರಿನಲ್ಲಿ ಸರಾಸರಿ ಉಷ್ಣತೆಯ ಎರಡರಷ್ಟಕ್ಕಿಂತ ಕಡಿಮೆ ಇರುವ ತಿಂಗಳು. 27 ಡಿಗ್ರಿ ಇದ್ದರೆ 54 ಮಿಲಿಮೀಟರ್. ಭೂಮಿ ಒಂದು ಡಿಗ್ರಿ ಕಾದರೆ ಈ ಗೆರೆ 56ಕ್ಕೆ ಹೋಗುತ್ತದೆ, ಎರಡು ಮಿಲಿಮೀಟರ್ ಮಾತ್ರ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಮೊದಲಿನಿಂದಲೂ ಮಳೆ ಇಲ್ಲ. ಹಾಗಾದರೆ ಜಾಗತಿಕ ತಾಪಮಾನ ಏರಿದರೆ ಬೇಸಿಗೆ ಉದ್ದವಾಗುವುದು ಹೇಗೆ? ಅಬ್ಬಿ ಬತ್ತಲು ಕಾರಣ ಹವಾಮಾನವಲ್ಲ, ಬೆಟ್ಟವನ್ನು ನಾವು ಬೋಳಿಸಿದ್ದು ಎಂದು ನನಗನಿಸುತ್ತದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಊರಿನವರ ಹೊಣೆ ಜಾರಿಹೋಗುತ್ತದೆ.

ಸುರಗಿ

ಮುಂಡಗೋಡದವರಿಗೆ ಮೊದಲು. ನಿಮ್ಮ ಕಾಡು ನೂರಾರು ವರ್ಷ ಆ ಒಣಹವೆಗೆ ಹೊಂದಿಕೊಂಡು ಬೆಳೆದದ್ದು, ಅದರ ಘನತೆ ಅದಕ್ಕಿದೆ. ಆದರೆ ಕಾನಿನ ಮರಗಳು ಸತ್ತ ಜಾಗಕ್ಕೆ ನಂದಿ, ಮತ್ತಿ ಬಂದು ನಿಲ್ಲುತ್ತವೆ ಎಂಬ ಭರವಸೆ ನನಗಿಲ್ಲ. ಅವುಗಳಿಗಿಂತ ಮುಂಚೆ ಬರುವುದು ಯುಪಟೋರಿಯಂ ಎಂಬ ಕಳೆ ಮತ್ತು ಹುಲ್ಲು.

ಬೇಡ್ತಿ ಕಣಿವೆಯವರೇ, ನಿಮ್ಮ 54 ಮತ್ತು 56ರ ಲೆಕ್ಕ ಸರಿ. ಆದರೆ ಆ ಸೂತ್ರ ಕಾಡುಗಳನ್ನು ವಿಂಗಡಿಸಲು ಮಾಡಿದ್ದು, ಎಲೆಯಿಂದ ಎಷ್ಟು ನೀರು ಆರಿಹೋಗುತ್ತದೆ ಎಂದು ಅಳೆಯಲು ಅಲ್ಲ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿಯಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಮಳೆಗಾಲದಲ್ಲಿ ಆ ಹೆಚ್ಚಿನ ಆವಿ ಒಮ್ಮೆಲೇ ಸುರಿಯುತ್ತದೆ. ಬೇಸಿಗೆಯಲ್ಲಿ ಅದೇ ಗಾಳಿ ಎಲೆ ಮತ್ತು ಮಣ್ಣಿನಿಂದ ಅಷ್ಟೇ ಹೆಚ್ಚು ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಳ ಸಂಖ್ಯೆ ಅಷ್ಟೇ ಇದ್ದರೂ ಒಣಗಿಸುವ ಬಲ ಜಾಸ್ತಿ.

ಇನ್ನೊಂದು, ತೋಟದವರು ಕೇಳಿದ ಸಸಿಗಳ ಪ್ರಶ್ನೆ. ರಾಗಿ, ಭತ್ತದ ಬೀಜವನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ಕಾನಿನ ಮರಗಳಲ್ಲಿ ಹೆಚ್ಚಿನವುಗಳ ಬೀಜ ಹಾಗಲ್ಲ. ರಾಮಪತ್ರೆ, ಸಾಲುಧೂಪ, ಹೈಗ, ಇವುಗಳ ಬೀಜ ಹಸಿಯಾಗಿರುವಾಗಲೇ ಮೊಳೆಯಬೇಕು, ಒಣಗಿತೋ ಸತ್ತಿತು. ಮೃಗಶಿರಾ ಮಳೆ ಬಂದು ಬೀಜ ಮೊಳೆತ ಮೇಲೆ ಎರಡು ಮೂರು ವಾರ ಮಳೆ ಕೈಕೊಟ್ಟರೆ ಆ ವರ್ಷದ ಸಸಿಗಳ ತಲೆಮಾರೇ ಹೋಯಿತು. ಬೇರು ಇನ್ನೂ ದರಕಿನ ಪದರದಲ್ಲೇ ಇರುತ್ತದೆ, ಮಣ್ಣಿಗೆ ಇಳಿದಿರುವುದಿಲ್ಲ. ಆಮೇಲೆ ಜುಲೈಯಲ್ಲಿ ಎಷ್ಟೇ ಸುರಿದರೂ ಸತ್ತ ಸಸಿ ಏಳುವುದಿಲ್ಲ. 2023ರ ಆಗಸ್ಟ್ ನೆನಪಿರಬೇಕು. 1901ರಿಂದ ಲೆಕ್ಕವಿಟ್ಟ ದೇಶದ ಎಲ್ಲ ಆಗಸ್ಟ್‌ಗಳಲ್ಲಿ ಅತ್ಯಂತ ಒಣ ಆಗಸ್ಟ್ ಅದು, ಮಳೆ ಶೇಕಡಾ 36ರಷ್ಟು ಕಡಿಮೆ. ವರ್ಷದ ಒಟ್ಟು ಮಳೆಯ ಅಂಕಿಯಲ್ಲಿ ಇಂಥದ್ದು ಕಾಣಿಸುವುದಿಲ್ಲ. ದೊಡ್ಡ ಮರ ಆಳದ ಬೇರಿನಿಂದ ಬದುಕಿಕೊಳ್ಳುತ್ತದೆ. ನೋಡುವವರಿಗೆ ಕಾಡು ಹಾಗೇ ಇದೆ ಎನಿಸುತ್ತದೆ. ಆದರೆ ಅದು ಮಕ್ಕಳಿಲ್ಲದ ಊರಾಗಿರುತ್ತದೆ.

ಹಳೆಯ ಗಾರ್ಡ್ (ಜೋಯಿಡಾ)

ಅರಣ್ಯ ಇಲಾಖೆಯಲ್ಲಿ ಕೆಳಗಿನ ಹುದ್ದೆಯಲ್ಲಿ ಸೇವೆ ಮಾಡಿ ನಿವೃತ್ತನಾದವನು ನಾನು. ಓದಿದ್ದು ಕಡಿಮೆ, ನೋಡಿದ್ದನ್ನು ಹೇಳುತ್ತೇನೆ.

ಬೆಂಕಿಯ ವಿಷಯವನ್ನು ಯಾರೂ ಎತ್ತಿಲ್ಲ. ಮತ್ತಿ ಮರದ ತೊಗಟೆಯನ್ನು ಮುಟ್ಟಿ ನೋಡಿ, ದಪ್ಪಗೆ ಚೌಕ ಚೌಕವಾಗಿ ಒಡೆದಿರುತ್ತದೆ. ನೆಲದ ಬೆಂಕಿ ಹಾದುಹೋದರೆ ಹೊರಗೆ ಕರಿಯಾಗುತ್ತದೆ, ಒಳಗೆ ಮರ ಬದುಕಿರುತ್ತದೆ. ಕಾನಿನ ಮರದ ತೊಗಟೆಯನ್ನು ಉಗುರಿನಿಂದ ಗೀರಿದರೆ ಹಸಿ ಕಾಣುತ್ತದೆ, ಅಷ್ಟು ತೆಳು. ಒಂದೇ ಸಲ ಬೆಂಕಿ ತಾಗಿದರೆ ಬುಡದಲ್ಲಿ ಗಾಯ, ಎರಡು ಮೂರು ವರ್ಷಕ್ಕೆ ಟೊಳ್ಳು, ಆಮೇಲೆ ಒಂದು ಮಳೆಗಾಲದ ಗಾಳಿಗೆ ನೆಲಕ್ಕೆ.

ಹಿಂದೆ ಬೆಂಕಿ ಕಾನಿನ ಅಂಚಿಗೆ ಬಂದು ತಾನಾಗಿಯೇ ಆರುತ್ತಿತ್ತು. ಒಳಗೆ ದರಕು ಹಸಿ, ಗಾಳಿ ಇಲ್ಲ, ಹುಲ್ಲಿಲ್ಲ. ಬೆಂಕಿ ಹರಡದಂತೆ ಬೆಂಕಿ ರೇಖೆ ಹೆರೆಯುವಾಗ ಕಾನಿನ ಬದಿಯನ್ನು ನಾವು ಬಿಟ್ಟೇ ಬಿಡುತ್ತಿದ್ದೆವು, ಅದೇ ರೇಖೆ ಎಂದು. ಅಂಚಿನ ನಾಲ್ಕು ಮರ ಬಿದ್ದು ಬಿಸಿಲು ಒಳಹೊಕ್ಕರೆ ಯುಪಟೋರಿಯಂ ಹೊಕ್ಕಿತು ಎಂದೇ ಲೆಕ್ಕ. ಫೆಬ್ರುವರಿಗೆ ಅದು ಒಣಗಿ ಪುರಲೆಯಾಗುತ್ತದೆ. ಮುಂದಿನ ಬೆಂಕಿ ಅಂಚಿನಲ್ಲಿ ನಿಲ್ಲುವುದಿಲ್ಲ. ಬೇಸಿಗೆ ಬಿರುಸಾದ ವರ್ಷ ಇದು ಇನ್ನೂ ಒಳಕ್ಕೆ ಹೋಗುತ್ತದೆ. ಹವಾಮಾನವೋ ಮನುಷ್ಯನೋ ಎಂದು ಬೇರೆ ಬೇರೆ ಮಾಡಿ ಹೇಗೆ ನೋಡುತ್ತೀರಿ ನನಗೆ ತಿಳಿಯದು. ಕಡ್ಡಿ ಗೀರುವವನು ಮನುಷ್ಯ, ಒಣಗಿಸಿ ಇಟ್ಟದ್ದು ಬಿಸಿಲು.

ಕಾಳಿ ದಂಡೆ (ಕಾರವಾರ)

ಈ ಚರ್ಚೆಗೆ ಕಾರವಾರದ ಸಮುದ್ರದ ತಳದಿಂದಲೇ ಒಂದು ಸಾಕ್ಷಿ ಇದೆ. ಅದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಕಾಳಿ ನದಿ ಮಳೆಗಾಲದಲ್ಲಿ ಕೆಂಪಾಗಿ ಹರಿದು ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದಲ್ಲ, ಆ ಕೆಸರಿನೊಂದಿಗೆ ಘಟ್ಟದ ಮರಗಳ ಪರಾಗವೂ ಹೋಗುತ್ತದೆ. ಪರಾಗದ ಹೊರಕವಚ ಬಹಳ ಗಟ್ಟಿ. ಕೆಸರಿನಲ್ಲಿ ಹೂತರೆ ಸಾವಿರಾರು ವರ್ಷ ಹಾಗೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಲ್ಲಿನದೋ, ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾದ್ದೋ, ಘಟ್ಟದ ಮರದ್ದೋ ಎಂದು ಗುರುತಿಸಬಹುದು. ಕಾರವಾರದ ಆಚೆ ಸಮುದ್ರದ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬಗಳನ್ನು ಫ್ರೆಂಚ್ ವಿಜ್ಞಾನಿಗಳ ತಂಡ ಪದರ ಪದರವಾಗಿ ಓದಿತು. ಪಾಸ್ಕಲ್ ಅವರೂ ಆ ತಂಡದಲ್ಲಿದ್ದರು. 1994ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸುಮಾರು 3,500 ವರ್ಷಗಳ ಹಿಂದಿನ ಪದರದಿಂದ ಮೇಲಕ್ಕೆ ತೇವದ ಕಾಡಿನ ಪರಾಗ ಕಡಿಮೆಯಾಗುತ್ತದೆ, ಕಾಂಡ್ಲಾ ಪರಾಗ ಇಳಿಯುತ್ತದೆ, ಹುಲ್ಲಿನದು ಹೆಚ್ಚುತ್ತದೆ. ಆಗಿನಿಂದ ಈ ಕಡೆ ಹವೆ ಮೊದಲಿನಷ್ಟು ತೇವವಾಗಿ ಉಳಿಯಲಿಲ್ಲ ಎಂಬುದು ಅವರ ತೀರ್ಮಾನ.

ನೀಲಗಿರಿಯಲ್ಲೂ ಇಂಥದ್ದೇ ಕೆಲಸ ನಡೆದಿದೆ. ಅಲ್ಲಿನ ಜೌಗು ಮಣ್ಣಿನ ಇಂಗಾಲವನ್ನು ಪರೀಕ್ಷಿಸಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಬರೆದರು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತುದಿಗೇರಿದ್ದಾಗ, ಮುಂಗಾರು ದುರ್ಬಲವಾಗಿ ಅಲ್ಲಿ ಒಣಹವೆಯ ಹುಲ್ಲು ಹರಡಿತ್ತು. ಹವೆ ತೇವವಾದಾಗ ಆ ಹುಲ್ಲು ಹಿಂದೆ ಸರಿಯಿತು.

ಘಟ್ಟದ ಕಾಡು ಸ್ಥಿರ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಮುಂಗಾರು ಹಿಗ್ಗಿದಾಗ ಅದೂ ಹಿಗ್ಗಿದೆ, ಕುಗ್ಗಿದಾಗ ಕಣಿವೆಗಳಿಗೆ ಇಳಿದು ಜೀವ ಉಳಿಸಿಕೊಂಡಿದೆ. ಎತ್ತರಕ್ಕೆ ಏರಿ ಅಲ್ಲ, ತಗ್ಗಿಗೆ ಇಳಿದು. ತೋಟದವರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನಗನಿಸುತ್ತದೆ.

ಬೇಡ್ತಿ ಕಣಿವೆ

ಕಾಳಿ ದಂಡೆಯವರಿಗೆ ಧನ್ಯವಾದ, ಇದು ನನಗೆ ಹೊಸ ವಿಷಯ. ಆದರೆ 3,500 ವರ್ಷಗಳ ಹಿಂದೆ ಘಟ್ಟದಲ್ಲಿ ಜನರೂ ಇದ್ದರಲ್ಲ? ಕಾಡು ಕಡಿದು ಸುಟ್ಟು ಕುಮರಿ ಬೇಸಾಯ ಮಾಡಿದರೂ ಮರದ ಪರಾಗ ಇಳಿದು ಹುಲ್ಲಿನ ಪರಾಗ ಏರುತ್ತದೆ. ಕುಮಟೆಯಲ್ಲಿ ನೆಲೆಸಿ ಈ ಕಾಡುಗಳ ಚರಿತ್ರೆ ಬರೆದ ಎಂ. ಡಿ. ಸುಭಾಷ್ ಚಂದ್ರನ್ ಅವರ ಬರಹಗಳಲ್ಲಿ ಮನುಷ್ಯನ ಕೈವಾಡಕ್ಕೆ ದೊಡ್ಡ ಸ್ಥಾನವಿದೆ. ಹವೆ ಒಣಗಿತೋ, ಕೊಡಲಿ ಬಿತ್ತೋ?

ಕಾಳಿ ದಂಡೆ

ಕಾಂಡ್ಲಾ ಪರಾಗವೂ ಅದೇ ಹೊತ್ತಿಗೆ ಇಳಿದಿದೆ ಎಂಬುದನ್ನು ಗಮನಿಸಿ. ಘಟ್ಟದ ಮೇಲಿನ ಕುಮರಿಯಿಂದ ಅಳಿವೆಯ ಕಾಂಡ್ಲಾ ಕಡಿಮೆಯಾಗಬೇಕಾಗಿಲ್ಲ. ನದಿಯ ಸಿಹಿನೀರು ಕಡಿಮೆಯಾಗಿ ಉಪ್ಪು ಹೆಚ್ಚಿದರೆ ಅದು ಇಳಿಯುತ್ತದೆ. ಹಾಗಾಗಿ ಹವೆಯ ಪಾಲು ದೊಡ್ಡದು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಒಣಗಿದ ಕಾಡನ್ನು ಸುಡುವುದು ಸುಲಭ ಎಂಬ ಗಾರ್ಡ್ ಅವರ ಮಾತು ಅಂದಿಗೂ ಅನ್ವಯಿಸುತ್ತದೆ.

ಮುರುಗಲು (ಕುಮಟಾ)

ನಾವು ಘಟ್ಟದ ಕೆಳಗಿನವರು, ಕಾಡಿನ ಉತ್ಪನ್ನ ಒಣಗಿಸಿ ಮಾರುವವರು. ನಮ್ಮ ಅನುಭವ ಸ್ವಲ್ಪ ಬೇರೆ ಇದೆ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಿಪ್ಪೆ ಬಿಡಿಸಿ, ರಸಕ್ಕೆ ಅದ್ದಿ, ಮತ್ತೆ ಬಿಸಿಲಿಗೆ ಹರವಬೇಕು. ಮೇ ನಡುವಿನಲ್ಲಿ ಅಡ್ಡಮಳೆ ಹಿಡಿದರೆ ಹಣ್ಣು ಮರದಲ್ಲೇ ಕೊಳೆಯುತ್ತದೆ, ಅಂಗಳದಲ್ಲಿದ್ದ ಸಿಪ್ಪೆಗೆ ಬೂಸಲು ಬರುತ್ತದೆ. ಉಪ್ಪಾಗೆಯ ಕಥೆ ಇನ್ನೊಂದು. ಅದು ಹಣ್ಣಾಗುವುದೇ ಮಳೆಗಾಲದಲ್ಲಿ, ಒಣಗಿಸಲು ಒಲೆ ಬೇಕು, ಒಲೆಗೆ ಸೌದೆ ಬೇಕು, ಸೌದೆ ಅದೇ ಕಾಡಿನಿಂದ.

ಇಲ್ಲಿ ಎಲ್ಲರೂ ಮಳೆ ಇಲ್ಲದ ಚಿಂತೆ ಹೇಳುತ್ತಿದ್ದೀರಿ. ನಮಗೆ ಹೊತ್ತಲ್ಲದ ಹೊತ್ತಿನ ಮಳೆಯ ಚಿಂತೆ. ಹೂವು ಬಿಡುವ ಕಾಲಕ್ಕೆ ಮೋಡ, ಹಣ್ಣಿನ ಕಾಲಕ್ಕೆ ಮಳೆ. ಅಪ್ಪೆಮಿಡಿಯವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ. ಮರ ಸಾಯುವುದಿಲ್ಲ, ಆದರೆ ಫಸಲು ಯಾವ ವರ್ಷ ಕೈಗೆ ಹತ್ತುತ್ತದೆ ಎಂದು ನಂಬುವಂತಿಲ್ಲ. ಮಂಗಟ್ಟೆ ಹಕ್ಕಿ, ಮಂಗ, ಸಿಂಗಳೀಕಗಳಿಗೂ ಅದೇ ಕಾಡಿನ ಹಣ್ಣು ತಾನೇ? ನಮಗಾದರೆ ಅಂಗಡಿ ಇದೆ.

ಘಟ್ಟದಂಚಿನ ತೋಟ

ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ಕೃತಜ್ಞ. ತಗ್ಗಿಗೆ ಇಳಿದು ಉಳಿದ ಕಾಡು ಎಂದರೆ ಕತ್ತಲೆಕಾನಿನಂಥ ಜಾಗಗಳೇ? ಅಲ್ಲಿಗೆ ಹೋಗಿ ಬಂದವರು ಬರೆಯಿರಿ.

ಜಡ್ಡಿಯ ಬದಿ (ಸಿದ್ದಾಪುರ)

ಹೌದು, ಅದೇ. ಸಿದ್ದಾಪುರದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಆಸುಪಾಸಿನ ಈ ಕಾಡಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ವರ್ಷವಿಡೀ ನೀರು ನಿಂತೋ ಹರಿದೋ ಇರುವ ಹಳ್ಳದ ತಗ್ಗು. ಅಲ್ಲಿನ ಮರಗಳ ಬೇರು ಕೆಸರಿನಿಂದ ಮೇಲೆದ್ದು ಮಂಡಿ ಮಡಚಿದಂತೆ ಬಾಗಿ ಮತ್ತೆ ಕೆಳಗೆ ಹೋಗುತ್ತದೆ. ಕೆಸರಿನಲ್ಲಿ ಗಾಳಿ ಇಲ್ಲ, ಉಸಿರಾಟಕ್ಕೆ ಬೇರನ್ನು ಹೊರಗೆ ಚಾಚುವುದು ಅವುಗಳ ಉಪಾಯ. ಇಂಥ ಜಡ್ಡಿಗಳು ಹೆಚ್ಚಾಗಿ ಇರುವುದು ಕೇರಳದ ದಕ್ಷಿಣದಲ್ಲಿ. ನಮ್ಮಲ್ಲಿ ಇರುವುದು ಅಲ್ಲೊಂದು ಇಲ್ಲೊಂದು ತುಣುಕು. 2000ರಲ್ಲಿ ಇಲ್ಲಿಂದ ಗೇರಿನ ಕುಟುಂಬದ ಹೊಸ ಮರವೊಂದನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದಾಗ ಅದಕ್ಕೆ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು.

ಅಲ್ಲಿನ ಹಳ್ಳಗಳಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಅದನ್ನು ಹೊಸ ಜಾತಿ ಎಂದು ವಿವರಿಸಿದರು. ರಾತ್ರಿ ಹಳ್ಳದ ಬದಿಗೆ ಟಾರ್ಚ್ ಹಿಡಿದು ಕುಳಿತರೆ ಅದರ ಕೆಲಸ ನೋಡಬಹುದು. ಹೆಣ್ಣು ನೀರಿನ ಮೇಲಿರುವ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ತೆಗೆದುಕೊಂಡು, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ತರುತ್ತದೆ, ಮೊಟ್ಟೆ ಪೂರ್ತಿ ಮುಚ್ಚುವವರೆಗೆ. ಮೊಟ್ಟೆ ಒಣಗಬಾರದು ಎಂಬುದು ಈ ಲೇಪದ ಉದ್ದೇಶವಿರಬೇಕು. ಮೊಟ್ಟೆ ಒಡೆದಾಗ ಗೊದಮೊಟ್ಟೆ ಕೆಳಗಿನ ನೀರಿಗೆ ಬೀಳಬೇಕು. ಮಳೆಯ ನಡುವೆ ವಾರಗಟ್ಟಲೆ ಬಿಡುವು ಬಿದ್ದು ಹಳ್ಳ ಹಿಂದೆ ಸರಿದರೆ ಅದು ಬೀಳುವುದು ಒಣ ಕಲ್ಲಿನ ಮೇಲೆ. ಮರಕ್ಕಾದರೆ ನೂರು ವರ್ಷದ ಆಯುಷ್ಯವಿದೆ, ಒಂದು ಕೆಟ್ಟ ವರ್ಷವನ್ನು ತಡೆದುಕೊಳ್ಳುತ್ತದೆ. ಕಪ್ಪೆಗೆ ಪ್ರತಿ ವರ್ಷವೂ ಲೆಕ್ಕಕ್ಕೆ ಬರುತ್ತದೆ.

ಜಡ್ಡಿಯಲ್ಲಿ ಒಂದು ಹೆಜ್ಜೆ ಇಟ್ಟರೆ ಪಾದ ಹೂಳುತ್ತದೆ. ಅದನ್ನು ಬಸಿದು ತೋಟ ಮಾಡುವುದು ಬಲು ಸುಲಭ. ಎಷ್ಟೋ ಕಡೆ ಅದೇ ಆಗಿದೆ. ಹವಾಮಾನ ಕಾಡನ್ನು ತಗ್ಗಿಗೆ ಇಳಿಸಿದರೆ, ಆ ತಗ್ಗಿನಲ್ಲಿ ಈಗಾಗಲೇ ನಾವು ಅಡಿಕೆ ಹಾಕಿದ್ದೇವೆ.

ಬೇಡ್ತಿ ಕಣಿವೆ

ನಾನು ಹೇಳುತ್ತಿರುವುದೂ ಇದನ್ನೇ. ಅಬ್ಬಿಯ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಅಳತೆಯ ಕೆಲಸ ಆಗಿದೆ. ಹೊನ್ನಾವರ ಮತ್ತು ಸಿದ್ದಾಪುರದ ಕಡೆ ಜಲವಿಜ್ಞಾನಿಗಳು ಮೂರು ಬಗೆಯ ನೆಲವನ್ನು ಹೋಲಿಸಿದರು: ಸಹಜ ಕಾಡು, ಬಳಸಿ ಬಳಸಿ ಬಡವಾದ ಬೆಟ್ಟ, ಅಕೇಶಿಯಾ ನೆಡುತೋಪು. ಸಹಜ ಕಾಡಿನ ಮಣ್ಣಿನಲ್ಲಿ ನೀರು ಇಂಗುವ ವೇಗ ಬಹಳ ಹೆಚ್ಚು. ಬಡವಾದ ನೆಲದಲ್ಲಿ ಬಹಳ ಕಡಿಮೆ, ಜೋರು ಮಳೆಯಾದರೆ ನೀರು ಮೇಲಿಂದ ಮೇಲೆಯೇ ಹರಿದುಹೋಗುತ್ತದೆ. ನೆಡುತೋಪಿನಲ್ಲಿ ಸ್ವಲ್ಪ ಚೇತರಿಕೆ ಇದೆ, ಪೂರ್ತಿ ಅಲ್ಲ. ಅರಬ್ಬಿ ಸಮುದ್ರ ಕಾದು ಒಮ್ಮೆಲೇ ಸುರಿಯುವ ಮಳೆ ಹೆಚ್ಚಿದರೆ, ಹಾಳಾಗದ ಕಾನು ಅದನ್ನು ಕುಡಿಯಬಲ್ಲದು, ಹಾಳಾದ ಬೆಟ್ಟ ಕುಡಿಯಲಾರದು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ತೋಟಗಳ ಮೇಲೆ ಜರಿದುದನ್ನು ಕಣ್ಣಾರೆ ನೋಡಿದ್ದೇನೆ. ಅಂಥ ಮಳೆಗೆ ಯಾವ ಕಾಡಾದರೂ ಸಾಲದೇನೋ. ಆದರೆ ವರ್ಷ ವರ್ಷದ ಮಳೆಗೆ ಸಾಕು.

ತೋಟದವರು ಬೇಸರಿಸಬಾರದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಘಟ್ಟದ ಮೇಲೆ ಬ್ರಿಟಿಷರ ಕಾಲದಿಂದ ಇದೆ. ಆ ಬೆಟ್ಟ ಈಗ ಹೇಗಿದೆ? ಅಬ್ಬಿಯ ತಲೆಯ ಮೇಲಿನ ಮರಗಳ ಟೊಂಗೆ ಕಡಿದಿಲ್ಲವೇ?

ಘಟ್ಟದಂಚಿನ ತೋಟ

ಬೇಸರವಿಲ್ಲ, ಆದರೆ ಉತ್ತರ ಹೇಳಲೇಬೇಕು. ಸೊಪ್ಪು ಕಡಿಯುತ್ತೇವೆ. ಸೊಪ್ಪಿಲ್ಲದೆ ತೋಟವಿಲ್ಲ. ಆದರೆ ಬೆಟ್ಟದಲ್ಲಿ ಮರ ಉಳಿಸಿಕೊಂಡೇ ಸೊಪ್ಪು ಕಡಿಯುವ ಕ್ರಮ ನಮ್ಮ ಹಿರಿಯರಿಗೆ ಗೊತ್ತಿತ್ತು, ಅನೇಕರು ಇಂದಿಗೂ ಪಾಲಿಸುತ್ತಾರೆ. ಕಾನನ್ನು ದೇವರ ಹೆಸರಿನಲ್ಲಿ ಕಡಿಯದೆ ಉಳಿಸಿದವರೂ ಹಳ್ಳಿಯವರೇ. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿಯ ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತವರು ಯಾರು? ಇದೇ ತಾಲೂಕಿನ ಹೆಂಗಸರು, ಗಂಡಸರು, ಅಡಿಕೆ ಬೆಳೆಗಾರರು. ಆಗ ಕಾಡು ಕಡಿಸುತ್ತಿದ್ದುದು ಸರ್ಕಾರದ ಗುತ್ತಿಗೆ. ಬೆಟ್ಟ ಬಡವಾದುದಕ್ಕೆ ರೈತನೊಬ್ಬನನ್ನೇ ನಿಲ್ಲಿಸಿ ಕೇಳುವುದು ನ್ಯಾಯವಲ್ಲ.

ಹಳೆಯ ಗಾರ್ಡ್

ಇಬ್ಬರೂ ಸಮಾಧಾನದಿಂದ ಇರಿ. ಕಡಿಸಿದವರ ಜೊತೆ ನಾವೂ ಕೆಲಸ ಮಾಡಿದ್ದೇವೆ, ತಬ್ಬಿದವರನ್ನೂ ನೋಡಿದ್ದೇವೆ. ಈಗ ಆಗಬೇಕಾದ್ದು ಹೇಳಿ.

ಸುರಗಿ

ಆಗಬೇಕಾದ್ದನ್ನು ಹೇಳುತ್ತೇನೆ. ಇದು ಈ ಚರ್ಚೆಯಿಂದಲೇ ಬಂದದ್ದು.

ಮುಂಗಾರನ್ನು ನಾವು ತಿದ್ದಲಾರೆವು. ಆದರೆ ಕಾಡು ಬರಗಾಲದಲ್ಲಿ ಅಡಗುವ ಜಾಗಗಳು ಎಣಿಸುವಷ್ಟೇ ಇವೆ: ಜಡ್ಡಿ, ಹಳ್ಳದ ಹುಟ್ಟು, ಕಾನಿನ ತಗ್ಗು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು, ಸುಮಾರು 300 ಚದರ ಕಿಲೋಮೀಟರ್. ಅದು ದೊಡ್ಡ ಕೆಲಸ. ಆದರೆ ನಾನು ಹೇಳುತ್ತಿರುವ ಜಾಗಗಳಲ್ಲಿ ಬಹಳಷ್ಟು ಅದರ ಹೊರಗೆ, ಸೊಪ್ಪಿನ ಬೆಟ್ಟಗಳ ಒಳಗೆ, ಯಾವ ನಕ್ಷೆಯಲ್ಲೂ ಕಾಣದಷ್ಟು ಚಿಕ್ಕದಾಗಿ ಇವೆ. ಅರ್ಧ ಎಕರೆ, ಒಂದು ಎಕರೆ. ಅಲ್ಲಿ ಟೊಂಗೆ ಕಡಿಯದೆ, ದರಕು ಗುಡಿಸದೆ, ಬಸಿಗಾಲುವೆ ತೋಡದೆ ಬಿಟ್ಟರೆ ಸಾಕು. ಉಳಿದ ಬೆಟ್ಟದಿಂದ ಸೊಪ್ಪು ತನ್ನಿ, ಯಾರೂ ಬೇಡವೆನ್ನುವುದಿಲ್ಲ. ಹಳ್ಳದ ಎರಡೂ ಬದಿಯಲ್ಲಿ ಮರಗಳ ಸಾಲು ಒಂದಕ್ಕೊಂದು ತಾಗಿ ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ, ಟೊಂಗೆಯಿಂದ ಟೊಂಗೆಗೇ ಅದರ ದಾರಿ. ಬೀಜವೂ ಅದೇ ದಾರಿಯಲ್ಲಿ ಸಾಗುತ್ತದೆ.

ಇನ್ನೊಂದು ಕೋರಿಕೆ. ಸುರಗಿ ಹೂವು ಬಿಟ್ಟ ದಿನ, ಮುರುಗಲು ಹಣ್ಣಾದ ದಿನ, ಅಬ್ಬಿಯಲ್ಲಿ ಕೊಡ ತುಂಬಲು ಹಿಡಿದ ಹೊತ್ತು, ಇವನ್ನು ಮನೆಯ ಪಂಚಾಂಗದ ಅಂಚಿನಲ್ಲಿ ಬರೆದಿಡಿ. ಮನೆಯಲ್ಲಿ ಮಳೆಮಾಪಕ ಇಟ್ಟು ದಿನದ ಮಳೆ ಬರೆದಿಟ್ಟವರು ನಮ್ಮ ಕಡೆ ಇದ್ದಾರೆ. ಅದರ ಪಕ್ಕಕ್ಕೆ ಇದೂ ಇರಲಿ. ಮಳೆಯಿಲ್ಲದ ದಿನಗಳು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ತಪ್ಪದೆ ಗುರುತಿಸಿ.

ಘಟ್ಟದಂಚಿನ ತೋಟ

ಅಕ್ಕೋರೇ, ನಮ್ಮ ಅಬ್ಬಿಯ ಮೇಲಿನ ತುಂಡನ್ನು ಈ ವರ್ಷದಿಂದ ಹಾಗೇ ಬಿಡಲು ಮನೆಯಲ್ಲಿ ಒಪ್ಪಿದ್ದಾರೆ. ಪಕ್ಕದ ಬೆಟ್ಟದವರ ಹತ್ತಿರವೂ ಮಾತಾಡಿದ್ದೇನೆ, ಅರ್ಧ ಒಪ್ಪಿದ್ದಾರೆ. ಸಸಿ ಇಲ್ಲದ ಜಾಗದಲ್ಲಿ ರಾಮಪತ್ರೆ ಬೀಜ ಊರಬಹುದೇ, ಅಥವಾ ಸಸಿ ಮಾಡಿ ನೆಡಬೇಕೇ?

ಹಳೆಯ ಗಾರ್ಡ್

ಇದಕ್ಕೆ ನಾನು ಹೇಳುತ್ತೇನೆ, ನರ್ಸರಿಯಲ್ಲಿ ಕೆಲಸ ಮಾಡಿದ್ದೇನೆ. ಕಾಯಿ ಬಿರಿದು ಬಿದ್ದ ಬೀಜವನ್ನು ಅಂದೇ ಆರಿಸಿ, ಮೇಲಿನ ಪತ್ರೆ ತೆಗೆದು, ಒದ್ದೆ ಮರಳಿನಲ್ಲಿ ನೆರಳಿಗೆ ಇಡಿ. ಬಿಸಿಲಿಗೆ ಹರವಿದರೆ ಮುಗಿಯಿತು. ಮೊಳಕೆ ಬಂದದ್ದನ್ನು ಕೊಟ್ಟೆಗೆ (ಮಣ್ಣು ತುಂಬಿದ ಚೀಲಕ್ಕೆ) ಹಾಕಿ ಒಂದು ಬೇಸಿಗೆ ಮನೆಯ ಹತ್ತಿರವೇ ನೀರು ಕೊಟ್ಟು ಉಳಿಸಿಕೊಳ್ಳಿ. ಎರಡನೆಯ ವರ್ಷ ಮಳೆ ಚೆನ್ನಾಗಿ ಹಿಡಿದ ಮೇಲೆ ನೆಡಿ, ಮೊದಲ ಮಳೆಗೆ ಆತುರ ಬೇಡ. ಬೆಳಕು ಬೀಳುವ ಬಯಲಿನಲ್ಲಿ ನೆಡಬೇಡಿ, ದೊಡ್ಡ ಮರದ ನೆರಳಿನಲ್ಲೇ ಇರಲಿ. ಸುತ್ತ ದರಕು ದಪ್ಪಗೆ ಮುಚ್ಚಿ, ಫೆಬ್ರುವರಿಯಲ್ಲಿ ಯುಪಟೋರಿಯಂ ಕಿತ್ತು ದೂರ ಹಾಕಿ. ಜೊತೆಗೆ ಹೈಗ ಮತ್ತು ನೇರಲು ಇದ್ದರೆ ಅದನ್ನೂ ಸೇರಿಸಿ, ಒಂದೇ ಜಾತಿ ಬೇಡ. ಬೀಜ ಬೇಕಾದವರು ಇಲ್ಲಿ ಕೇಳಿ, ಬೀಳುವ ಕಾಲಕ್ಕೆ ತಿಳಿಸುತ್ತೇನೆ.

ಜಡ್ಡಿಯ ಬದಿ

ಗಾರ್ಡ್ ಅವರೇ, ನನಗೂ ಬೇಕು. ಆದರೆ ಕತ್ತಲೆಕಾನಿನ ಬೀಜ ಬೇಡ, ಅದು ಅಲ್ಲೇ ಬೀಳಲಿ. ಊರ ಕಾನುಗಳಿಂದ ಸಿಕ್ಕಷ್ಟು ಸಾಕು.